ಪಂಪ ನೆನೆದ ಎಂಟು ಹೆಸರು

ಪಂಪನ ‘ವಿಕ್ರಮಾರ್ಜುನ ವಿಜಯ’ದ ಕೊನೆಯಲ್ಲಿ ಬರುವ ಒಂದು ಪದ್ಯ ಹಳಗನ್ನಡದ ರುಚಿ ಹತ್ತಿದವರಿಗೆಲ್ಲ ಗೊತ್ತು. ಭಾರತದ ಕಥೆ ಲೋಕಪೂಜ್ಯವಾದದ್ದು ಯಾರಿಂದ, ಅವರ ಯಾವ ಗುಣದಿಂದ ಎಂದು ಕವಿ ಅಲ್ಲಿ ಎಂಟು ಜನರನ್ನು ನೆನೆಯುತ್ತಾನೆ. ಈ ಪದ್ಯವನ್ನು ಬಾಯಿಪಾಠ ಮಾಡಿದವರು ಕೂಡ ಸಾಮಾನ್ಯವಾಗಿ ಮಾಡದ ಲೆಕ್ಕವೊಂದಿದೆ. ಎಂಟರಲ್ಲಿ ಪಾಂಡವರ ಕಡೆಯವರು ಮೂವರೇ: ಭೀಮ, ಅರ್ಜುನ, ಧರ್ಮರಾಯ. ದುರ್ಯೋಧನ, ಕರ್ಣ, ಶಲ್ಯ, ಭೀಷ್ಮ, ದ್ರೋಣ ಈ ಐವರೂ ಸೋತ ಪಾಳಯದವರು. ಗೆದ್ದವರ ಕಥೆ ಹೇಳಿ ಮುಗಿಸಿದ ಕವಿ ಕೀರ್ತಿಯ ದೊಡ್ಡ ಪಾಲನ್ನು ಸೋತವರಿಗೆ ಹಂಚಿಬಿಟ್ಟಿದ್ದಾನೆ. ವೀರತೆ, ಒಗ್ಗಟ್ಟು ಎಂಬ ಮಾತುಗಳನ್ನು ಬೆಳಗಾದರೆ ಕೇಳುತ್ತಿರುವ ನಾವು ಈ ಹಂಚಿಕೆಯನ್ನು ಸಾವಧಾನವಾಗಿ ನೋಡಬೇಕು.

ಯಾಕೆಂದರೆ ಇವತ್ತಿನ ವೀರನಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿರುವುದು ಒಬ್ಬ ಖಳ. ಜಾಲತಾಣಗಳಲ್ಲಿ ಅಭಿಮಾನಿಗಳು ನಡೆಸುವ ಸ್ಟಾರ್ ವಾರ್ ಇರಲಿ, ಚುನಾವಣೆಯ ಭಾಷಣವಿರಲಿ, ಟಿವಿಯ ರಾತ್ರಿ ಚರ್ಚೆಯಿರಲಿ, ನಮ್ಮವನು ದೊಡ್ಡವನಾಗಬೇಕಾದರೆ ಎದುರಿನವನು ನೀಚನಾಗಲೇಬೇಕು ಎಂಬ ಕರಾರು ಎಲ್ಲೆಡೆ ಒಂದೇ. ಒಗ್ಗಟ್ಟು ಎಂದರೆ ಒಬ್ಬನ ಹಿಂದೆ ಸಾಲಾಗಿ ನಿಲ್ಲುವುದು. ಸಾಲಿನಲ್ಲೇ ನಿಂತು ಪ್ರಶ್ನೆ ಕೇಳಿದವನೂ ದ್ರೋಹಿ. ಹೀಗೆ ಹೇಳುವವರು ಮಾತೆತ್ತಿದರೆ ಪರಂಪರೆಯನ್ನು ಕರೆಯುತ್ತಾರೆ. ಆದರೆ ಕನ್ನಡದ ವೀರಕಾವ್ಯ ಪರಂಪರೆ ಇವರ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಎದುರಾಳಿಯ ಹಿರಿಮೆಯನ್ನು ಕಾಣಬಲ್ಲವನನ್ನೇ ಅದು ವೀರನೆಂದು ಮನ್ನಿಸಿದೆ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಪಂಪ, ರನ್ನ ಇಬ್ಬರೂ ಆಸ್ಥಾನದ ಕವಿಗಳು, ಒಡೆಯನನ್ನು ಹೊಗಳುವುದೇ ಅವರ ಕೆಲಸವಾಗಿತ್ತು, ಅವರಿಂದ ನಾವು ಕಲಿಯುವುದೇನು ಎಂದು ಕೇಳಬಹುದು. ಮಾತು ನಿಜ. 941ರಲ್ಲಿ ಬರೆದ ಕಾವ್ಯದಲ್ಲಿ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಸಮೀಕರಿಸಿದ. ಆ ಹೋಲಿಕೆ ಉಳಿಸಿಕೊಳ್ಳಲು ಕಥೆಯನ್ನೇ ತಿದ್ದಿದ: ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು, ಯುದ್ಧ ಮುಗಿದ ಮೇಲೆ ಪಟ್ಟವೂ ಅರ್ಜುನ ಸುಭದ್ರೆಯರಿಗೇ ಆಯಿತು. ಇಷ್ಟೆಲ್ಲ ಬಾಗಿದ ಕವಿ ಕರ್ಣನ ವಿಷಯಕ್ಕೆ ಬಂದಾಗ ಮಾತ್ರ ಒಂದಿಷ್ಟೂ ಬಾಗಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಅನ್ನ ಕೊಟ್ಟ ದೊರೆಯ ಪ್ರತಿರೂಪವಾದ ಅರ್ಜುನನ ಬಾಣಕ್ಕೆ ಸತ್ತವನು ಕರ್ಣ. ಅವನು ಬಿದ್ದ ಜಾಗದಲ್ಲಿ ನಿಂತು, ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡಿ, ನೆನೆಯುವುದಾದರೆ ಇವನನ್ನು ನೆನೆಯಿರಿ ಎಂಬ ಅರ್ಥದ ಮಾತನ್ನು ಪಂಪ ಆಡಿಬಿಡುತ್ತಾನೆ. ದೊರೆಯ ಎದುರಿಗೇ ದೊರೆಯ ವೈರಿಯನ್ನು ಹೊಗಳುವ ಇಂಥ ಆಸ್ಥಾನ ಕವಿ ಇವತ್ತು ಯಾವ ಪಕ್ಷದ ಕಚೇರಿಯಲ್ಲಿ ಸಿಕ್ಕಾನು?

ರನ್ನ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ‘ಗದಾಯುದ್ಧ’ದಲ್ಲಿ ಅವನ ದೊರೆ ಸತ್ಯಾಶ್ರಯನೇ ಭೀಮ. ಆದರೂ ಓದುಗರ ಮನಸ್ಸು ಹಿಂಬಾಲಿಸುವುದು ಹೆಣಗಳ ನಡುವೆ ಒಂಟಿಯಾಗಿ ನಡೆಯುವ ದುರ್ಯೋಧನನನ್ನು. ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಮಗ ಲಕ್ಷಣಕುಮಾರ ಎಲ್ಲರೂ ಸತ್ತು ಬಿದ್ದಿರುವ ಆ ರಣರಂಗದಲ್ಲಿ ಅವನು ಅಭಿಮನ್ಯುವಿನ ಹೆಣದ ಮುಂದೆಯೂ ನಿಲ್ಲುತ್ತಾನೆ. ತನ್ನ ಸೈನ್ಯವನ್ನು ಸೀಳಿದ ಹುಡುಗ, ವೈರಿಯ ಮಗ. ಅವನ ಸಾಹಸಕ್ಕೆ ಕೈಮುಗಿದು, ತನಗೂ ಇಂಥ ಸಾವು ಬರಲಿ ಎಂದು ಬಯಸುತ್ತಾನೆ. ಬಿ.ಎಂ.ಶ್ರೀ. ಈ ಕಾವ್ಯವನ್ನು ನಾಟಕವಾಗಿಸಲು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ದುರ್ಯೋಧನನ ತಪ್ಪುಗಳನ್ನು ರನ್ನ ಮುಚ್ಚಿಟ್ಟಿಲ್ಲ. ತಪ್ಪು ಮಾಡಿದವನಲ್ಲೂ ದೊಡ್ಡತನ ಇರಬಹುದೆಂದು ಕೂಡ ಕಂಡಿದ್ದಾನೆ, ಅಷ್ಟೆ.

ಇದೆಲ್ಲ ಕಾವ್ಯಕ್ಕೆ ಸರಿ, ಗಡಿಯಲ್ಲಿ ಗುಂಡು ಹಾರುವಾಗ ನಾಡಿಗೆ ಒಂದೇ ದನಿ ಬೇಕು ಎನ್ನುವವರಿದ್ದಾರೆ. ಅವರಿಗೂ ಪಂಪನಲ್ಲೇ ಉತ್ತರವಿದೆ. ಭೀಷ್ಮನಿಗೆ ಸೇನಾಪತಿ ಪಟ್ಟ ಕಟ್ಟುವಾಗ ತುಂಬಿದ ಸಭೆಯಲ್ಲಿ ವಿರೋಧಿಸಿದವನು ಕರ್ಣ. ಅವನ ಮಾತು ಒರಟಾಗಿತ್ತು, ಮುದುಕನೆಂದು ಹಂಗಿಸಿದ. ಭೀಷ್ಮ ಬೀಳುವವರೆಗೆ ಆಯುಧ ಹಿಡಿಯೆನೆಂದು ಅವನು ದೂರ ಕೂತದ್ದು ಪಾಳಯಕ್ಕೆ ನಷ್ಟವೇ. ಆದರೆ ಜಗಳ ಕೈಮೀರಿದ್ದು ದ್ರೋಣ ಅವನ ಕುಲವನ್ನು ಎತ್ತಿದಾಗ. ಛಲ, ಗುಣ, ಅಭಿಮಾನಗಳೇ ಕುಲವೆಂದು ಕರ್ಣ ತಿರುಗಿ ಹೇಳಿದ ಮಾತಿಗೆ ಸಾವಿರ ವರ್ಷ ಕಳೆದರೂ ಕಾವು ಆರಿಲ್ಲ. ಈ ಸಭೆಗೂ ಮೊದಲೇ ಕೃಷ್ಣ ಅವನಿಗೆ ಜನ್ಮದ ಗುಟ್ಟು ಹೇಳಿ, ರಾಜ್ಯದ ಆಸೆ ತೋರಿಸಿ ಕರೆದಿದ್ದ. ಆಗ ಅವನು ಹೋಗಿರಲಿಲ್ಲ, ಇಷ್ಟು ಅವಮಾನ ಉಂಡ ಮೇಲೂ ಹೋಗಲಿಲ್ಲ. ಬಹಿರಂಗವಾಗಿ ಭಿನ್ನಮತ ಹೇಳಿದವನೇ ದುರ್ಯೋಧನನನ್ನು ಕೊನೆಯವರೆಗೆ ಬಿಡದವನು. ಶರಶಯ್ಯೆಯಲ್ಲಿ ಮಲಗಿದ್ದ ಭೀಷ್ಮನ ಬಳಿಗೆ ಹೋಗಿ ಕ್ಷಮೆ ಕೇಳಿದವನೂ ಅವನೇ. ಬಾಯಿ ಮುಚ್ಚಿಸಿ ಪಡೆದ ಒಗ್ಗಟ್ಟಿಗೆ ಇಂಥ ಬಾಳಿಕೆ ಇರುವುದಿಲ್ಲ. ಹುಟ್ಟಿನ ಲೆಕ್ಕ ತೆಗೆದು ಜನರನ್ನು ಅಳೆಯುವ ನಾಡು ಒಗ್ಗಟ್ಟಿನ ಘೋಷಣೆ ಕೂಗುವ ಮೊದಲು ಈ ಸಭೆಯ ಪ್ರಸಂಗವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.

ಕಾವ್ಯದ ಆಚೆ ನಿಂತ ವೀರಗಲ್ಲುಗಳೂ ಇದಕ್ಕೆ ಹತ್ತಿರದ್ದನ್ನೇ ಹೇಳುತ್ತವೆ. ತುರುಗೋಳ್‌ನಲ್ಲಿ, ಅಂದರೆ ಊರಿನ ದನ ಹೊಡೆದುಕೊಂಡು ಹೋಗುವವರ ಜೊತೆ ಕಾದಾಡಿ ಸತ್ತವರಿಗೆ, ಹುಲಿ ಹಂದಿಗಳಿಂದ ಸತ್ತವರಿಗೆ ನಿಲ್ಲಿಸಿದ ಕಲ್ಲುಗಳು ಅವು. ಅಲ್ಲಿನ ವೀರರು ಬಹುಮಟ್ಟಿಗೆ ಇತಿಹಾಸದ ಪುಸ್ತಕಕ್ಕೆ ಸೇರದ ಜನ. ಚೋಳರ ರಾಜಾದಿತ್ಯ ಸತ್ತ 949ರ ತಕ್ಕೋಲದ ಯುದ್ಧವನ್ನು ನೆನೆಯುವ ಆತಕೂರಿನ ಕಲ್ಲು ನಿಂತಿರುವುದು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ. ಒಬ್ಬನನ್ನೇ ಆಕಾಶಕ್ಕೇರಿಸುವ ಇಂದಿನ ಕಟೌಟಿನ ವೀರತೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಹಾಗೆಂದು ಈ ಪರಂಪರೆಯನ್ನು ಇಡಿಯಾಗಿ ತಲೆಯ ಮೇಲೆ ಹೊರಬೇಕಾಗಿಲ್ಲ. ಅದರಲ್ಲಿ ಒಡೆಯನ ಜೊತೆ ಪ್ರಾಣ ಬಿಡುವ ಆಳುಗಳಿದ್ದಾರೆ, ಗಂಡನ ಚಿತೆಯೇರಿದ ಹೆಂಗಸರ ಮಾಸ್ತಿಕಲ್ಲುಗಳಿವೆ. ಹೆಣ್ಣಿಗೆ ಅಲ್ಲಿ ಸಾಯುವ ಧೈರ್ಯವನ್ನು ಬಿಟ್ಟರೆ ಬೇರೆ ವೀರತೆ ಸಿಕ್ಕಿದ್ದು ತೀರ ಕಡಿಮೆ. ಆ ಕೊರತೆಯನ್ನು ಹೊಸಗನ್ನಡದಲ್ಲಿ ಎದುರಿಸಿದವರಲ್ಲಿ ಕುವೆಂಪು ಪ್ರಮುಖರು. 1967ನೇ ಸಾಲಿನ ಜ್ಞಾನಪೀಠ ತಂದ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ರಾವಣ ಕನಸಿನಲ್ಲಿ ಸೀತೆಯ ಮಗುವಾಗುತ್ತಾನೆ. ಕೊಲ್ಲಬೇಕಾದ ವೈರಿಗೂ ಬದಲಾಗುವ ದಾರಿಯೊಂದು ತೆರೆದೇ ಇರುತ್ತದೆ. ಯುದ್ಧ ಗೆದ್ದ ರಾಮನೂ ಸೀತೆಯ ಪರೀಕ್ಷೆಯನ್ನು ದೂರ ನಿಂತು ನೋಡುವುದಿಲ್ಲ, ಅವಳ ಜೊತೆ ತಾನೂ ಬೆಂಕಿಗೆ ಇಳಿಯುತ್ತಾನೆ. ಪಂಪ ವೈರಿಯ ಗುಣಕ್ಕೆ ಕೊಟ್ಟ ಜಾಗವನ್ನು ಕುವೆಂಪು ಇಲ್ಲಿ ಗೆದ್ದವನ ಹೊಣೆಗೂ ಕೊಟ್ಟರು. ನಮ್ಮ ಕಾಲದ ನಾಯಕರನ್ನು ಅಳೆಯುವಾಗ ಅವರು ಯಾರನ್ನು ಸೋಲಿಸಿದರು ಎಂಬುದರ ಜೊತೆಗೆ, ಬೇರೆಯವರಿಗೆ ಒಡ್ಡಿದ ಪರೀಕ್ಷೆಗೆ ತಾವೂ ಒಳಗಾದರೇ ಎಂದು ಕೇಳುವ ಹಕ್ಕನ್ನು ಈ ಕಾವ್ಯಗಳು ಓದುಗರಿಗೆ ಎಂದೋ ಕೊಟ್ಟಿವೆ.