ಗಡಿಯಾರದ ಆಟ, ಮನೆಯ ಆಟ

ಪ್ರತಿ ಹಬ್ಬದ ಸಂಚಿಕೆಯಲ್ಲೂ ರಕ್ತದೊತ್ತಡ, ಸಕ್ಕರೆ, ಮೊಣಕಾಲು ನೋವು ಎಂದು ಹೆದರಿಸುವ ಡಾಕ್ಟರು ಈ ಸಲ ಆಟದ ಬಗ್ಗೆ ಬರೆದಿದ್ದಾರೆಂದರೆ ನೀವು ಹುಬ್ಬೇರಿಸಬಹುದು. ದೀಪಾವಳಿಯ ಹೋಳಿಗೆಯನ್ನು ಮುಂದಿಟ್ಟುಕೊಂಡವರಿಗೆ ಕೊಲೆಸ್ಟರಾಲ್ ಉಪದೇಶ ಮಾಡುವಷ್ಟು ನಿಷ್ಠುರ ನಾನಲ್ಲ. ಔಷಧಿ ಚೀಟಿ ಬದಿಗಿರಲಿ.

ಎಡಿಸನ್, ಪಾರ್ಸಿಪನಿ, ಪ್ಲೇನ್ಸ್‌ಬರೊ ಕಡೆಯ ನಮ್ಮವರ ಮನೆಗಳಲ್ಲಿ ಶನಿವಾರ ಸಂಜೆ ಬೇಸ್‌ಮೆಂಟಿಗೆ ಇಳಿದು ನೋಡಿ. ಕೆಲವು ಮನೆಗಳಲ್ಲಿ ಟಿವಿ ಆರಿರುತ್ತದೆ. ಐದಾರು ಮಕ್ಕಳು ಮೇಜಿನ ಸುತ್ತ ಕುಳಿತು ಇಪ್ಪತ್ತು ಮುಖದ ದಾಳ ಉರುಳಿಸುತ್ತಿರುತ್ತಾರೆ. ಒಬ್ಬ ಮಂತ್ರವಾದಿ, ಒಬ್ಬಳು ಬಿಲ್ಲುಗಾರ್ತಿ, ಇನ್ನೊಬ್ಬ ಕಳ್ಳ. ಇದು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಕಥೆ ನಡೆಸುವವನೊಬ್ಬ, ಪಾತ್ರ ವಹಿಸಿ ಮಾತಿನಲ್ಲೇ ಆಡುವವರು ಉಳಿದವರು. ಗೆದ್ದವರು ಸೋತವರು ಎಂಬುದಿಲ್ಲ.

ಈ ಆಟವನ್ನು ಎರಡು ಬಗೆಯಲ್ಲಿ ಆಡುತ್ತಾರೆ. ಒಂದು, ಮನೆಯ ಆಟ. ಅದೇ ಗೆಳೆಯರು, ಅದೇ ಕಥೆ, ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಊಟಕ್ಕೆ ಕರೆದರೆ ನಿಲ್ಲುತ್ತದೆ, ಮುಂದಿನ ವಾರ ನಿಂತಲ್ಲಿಂದ ಹೊರಡುತ್ತದೆ. ಇನ್ನೊಂದು, ಸಂಘಟಿತ ಆಟ. 1980ರಲ್ಲಿ ಇದಕ್ಕೊಂದು ಆಟಗಾರರ ಸಂಘವೇ ಹುಟ್ಟಿತು. 2014ರಿಂದ ‘ಅಡ್ವೆಂಚರರ್ಸ್ ಲೀಗ್’ ಎಂಬ ವ್ಯವಸ್ಥೆ ಬಂತು. ಅಂಗಡಿಯಲ್ಲೋ ಸಮ್ಮೇಳನದಲ್ಲೋ ಎರಡು ಅಥವಾ ನಾಲ್ಕು ಗಂಟೆಯ ಅವಧಿ. ಗಂಟೆ ಮುಗಿಯುವುದರೊಳಗೆ ಕಥೆಯೂ ಮುಗಿಯಬೇಕು. ನಿಯಮ ಎಲ್ಲ ಕಡೆ ಒಂದೇ ಆದ್ದರಿಂದ ನ್ಯೂಜೆರ್ಸಿಯ ಹುಡುಗ ತನ್ನ ಪಾತ್ರದ ಕಾಗದ ಹಿಡಿದು ಟೆಕ್ಸಾಸಿನಲ್ಲಿ ಅಪರಿಚಿತರ ಮೇಜಿಗೂ ಹೋಗಿ ಕೂರಬಹುದು. ಊರಿಗೆ ಹೊಸಬನಾದವನಿಗೆ ಇದು ದೊಡ್ಡ ಉಪಕಾರ. ಆದರೆ ಮಾತಾಡಲು ಹಿಂಜರಿಯುವ ಮಗುವಿನ ಬಾಯಿ ಬಿಡಿಸುವಷ್ಟು ಪುರುಸೊತ್ತು ಅಲ್ಲಿರುವುದಿಲ್ಲ.

ಇದನ್ನೆಲ್ಲ ಕೇಳಿದಾಗ ಕರಾವಳಿ, ಮಲೆನಾಡಿನ ಓದುಗರಿಗೆ ‘ಅರೆ, ಇದು ನಮ್ಮ ತಾಳಮದ್ದಳೆಯಲ್ಲವೇ!’ ಅನ್ನಿಸದೆ ಇರದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ವಾಲಿಯಾಗಿ, ರಾಮನಾಗಿ, ಕರ್ಣನಾಗಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದಿಸುತ್ತಾರೆ. ನಮ್ಮಲ್ಲಿ ದಾಳವಿಲ್ಲ. ಕೊನೆಗೆ ವಾಲಿ ಬೀಳುವುದು ಖಚಿತ. ಆದರೆ ಬೀಳುವ ಮುನ್ನ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಏನೇನು ಕೇಳುತ್ತಾನೆ, ರಾಮ ಏನುತ್ತರ ಕೊಡುತ್ತಾನೆ ಎಂಬುದು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಕಾಸರಗೋಡಿನ ನೆಲದಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಕುಂಬಳೆ ಸುಂದರ ರಾಯರು (1934–2022) ಇಂಥ ಮಾತುಗಾರಿಕೆಯಿಂದಲೇ ಮನೆಮಾತಾದವರು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಮನೆಯ ಚಾವಡಿಯಲ್ಲಿ, ದೇವಸ್ಥಾನದ ಜಗಲಿಯಲ್ಲಿ ತಾಳಮದ್ದಳೆ ನಡೆಯುವುದು ಹಳೆಯ ರೂಢಿ.

ಗಡಿಯಾರದ ಜಗಳವೂ ನಮಗೆ ಹೊಸದಲ್ಲ. ಯಕ್ಷಗಾನವೆಂದರೆ ರಾತ್ರಿಯಿಂದ ಬೆಳಗಿನವರೆಗೆ ಎಂಬುದು ಹಿಂದಿನ ಮಾತು. ಮರುದಿನ ಆಫೀಸಿಗೆ ಹೋಗಬೇಕಾದ ಪ್ರೇಕ್ಷಕರು, ಬಾಡಿಗೆಯ ಸಭಾಂಗಣಗಳು, ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದೆಂಬ 2000ದ ಶಬ್ದಮಾಲಿನ್ಯ ನಿಯಮ, ಇವೆಲ್ಲ ಸೇರಿ ‘ಕಾಲಮಿತಿ ಯಕ್ಷಗಾನ’ ಬೆಳೆಯಿತು. 2010ರ ದಶಕದಲ್ಲಿ ಧರ್ಮಸ್ಥಳ ಮೇಳವೂ ಆ ದಾರಿ ಹಿಡಿಯಿತು. 2022ರಲ್ಲಿ ಕಟೀಲು ಮೇಳಗಳು ಕಾಲಮಿತಿಗೆ ಹೊರಟಾಗ ಭಕ್ತರಲ್ಲಿ ಅನೇಕರು ಒಪ್ಪಲಿಲ್ಲ. ದೇವಿಗೆ ಹರಕೆ ಹೊತ್ತದ್ದು ಇಡೀ ರಾತ್ರಿಯ ಆಟಕ್ಕೆ ಎಂಬುದು ಅವರ ವಾದ.

ಎರಡೂ ಕಡೆ ನ್ಯಾಯವಿದೆ. ಕಾಲಮಿತಿಯಿಂದ ನಿದ್ದೆಗೆಡಲಾರದವರೂ ಆಟ ನೋಡುವಂತಾಯಿತು, ಕಲಾವಿದರ ಆರೋಗ್ಯವೂ ಸುಧಾರಿಸೀತು. ವೈದ್ಯನಾಗಿ ನಾನು ಇದಕ್ಕೆ ಕೈ ಎತ್ತುವವನೇ. ಆದರೆ ಹೊತ್ತು ಕಡಿಮೆಯಾದಾಗ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಕುಣಿಯುವ ಆ ಹೊತ್ತಿನಲ್ಲಿ ಪ್ರೇಕ್ಷಕರು ಕಡಲೆ ಕೊಳ್ಳುತ್ತಾ, ಜಾಗ ಹುಡುಕುತ್ತಾ ಇರುತ್ತಿದ್ದರು ನಿಜ. ಆದರೆ ಹೊಸ ಹುಡುಗರು ರಂಗದ ಮೇಲೆ ಹೆಜ್ಜೆ ತಪ್ಪುತ್ತಾ ಕಲಿಯುತ್ತಿದ್ದದ್ದು ಅಲ್ಲೇ. ಯಾರೂ ಗಮನ ಕೊಡದ ಹೊತ್ತೇ ಕಲಿಯುವವನಿಗೆ ಶಾಲೆ.

ನನ್ನ ವೃತ್ತಿಯಲ್ಲೂ ಇದೇ ಪಾಠವಿದೆ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಝಯಾನ್ ಎಂಬ 18 ವರ್ಷದ ಯುವತಿ ತೀರಿಕೊಂಡಾಗ, ತರಬೇತಿಯಲ್ಲಿರುವ ವೈದ್ಯರು ನಿದ್ದೆಯಿಲ್ಲದೆ ದುಡಿಯುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. 2003ರಲ್ಲಿ ಅದು ದೇಶಕ್ಕೆಲ್ಲ ಬಂತು. ಒಳ್ಳೆಯದೇ ಆಯಿತು. ಆದರೆ ಅದರೊಂದಿಗೆ ರೋಗಿಯನ್ನು ಒಬ್ಬರಿಂದ ಒಬ್ಬರಿಗೆ ಒಪ್ಪಿಸುವ ಸರದಿಗಳೂ ಹೆಚ್ಚಿದವು. ಒಪ್ಪಿಸುವಾಗ ಯಾವ ಮಾತೂ ಬಿಟ್ಟುಹೋಗಬಾರದೆಂದು ಆ ಕೆಲಸವನ್ನೇ ಪ್ರತ್ಯೇಕವಾಗಿ ಕಲಿಸಬೇಕಾಯಿತು. ಗಂಟೆ ಕಡಿಮೆ ಮಾಡಿದರೆ ಸಾಲದು; ಆ ಗಂಟೆಗಳಲ್ಲಿ ತಾನಾಗಿ ಆಗುತ್ತಿದ್ದದ್ದನ್ನು ಬೇರೆಲ್ಲಾದರೂ ಬೇಕೆಂದೇ ಮಾಡಬೇಕು.

ಈಗ ನಮ್ಮ ಕೂಟಗಳ ಕಡೆ ಬರೋಣ. ಬಾಡಿಗೆಗೆ ಪಡೆದ ಶಾಲೆಯ ಆಡಿಟೋರಿಯಂ, ಹತ್ತು ಗಂಟೆಗೆ ದೀಪ ಆರಿಸಲು ಕಾದಿರುವ ಕಾವಲುಗಾರ, ‘ಒಂದು ತಂಡಕ್ಕೆ ಎಂಟೇ ನಿಮಿಷ, ದಯವಿಟ್ಟು ಸಹಕರಿಸಿ’ ಎಂದು ಬೇಡುವ ಸಾಂಸ್ಕೃತಿಕ ಕಾರ್ಯದರ್ಶಿ. ಪಾಪ, ಅವರನ್ನು ದೂರುವಂತಿಲ್ಲ. 2010ರಲ್ಲಿ ಎಡಿಸನ್ನಿನಲ್ಲಿ, 2016ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಅಕ್ಕ ಸಮ್ಮೇಳನ ನಡೆದಂಥ ದೊಡ್ಡ ಸಂದರ್ಭಗಳಲ್ಲಂತೂ ಗಡಿಯಾರ ನೋಡದೆ ಗತಿಯಿಲ್ಲ. ಆದರೆ ಎಂಟು ನಿಮಿಷದ ರಂಗ ಬೇಡುವುದು ಉರು ಹೊಡೆದ ಕನ್ನಡವನ್ನು. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ ಸಂಭಾಷಣೆಯನ್ನು ನಮ್ಮ ಮಗು ಒಂದಕ್ಷರ ತಪ್ಪದೆ ಒಪ್ಪಿಸುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ. ಕೆಳಗಿಳಿದ ಮೇಲೆ ಅಜ್ಜಿ ‘ಊಟ ಆಯ್ತಾ ಮರಿ?’ ಎಂದರೆ ಉತ್ತರ ಇಂಗ್ಲಿಷಿನಲ್ಲಿ. ಆ ಮಗುವಿಗೆ ಕನ್ನಡ ಬರುವುದಿಲ್ಲವೆಂದಲ್ಲ. ತಡವರಿಸುತ್ತಾ ಮಾತಾಡಲು ಅದಕ್ಕೆ ಎಲ್ಲೂ ಜಾಗ ಸಿಕ್ಕಿಲ್ಲ. ನಮ್ಮ ಪೂರ್ವರಂಗ ಕಾಣೆಯಾಗಿದೆ.

ಅದನ್ನು ಮನೆಯಲ್ಲಿ ಮತ್ತೆ ಹಾಕಬಹುದು. ಕುಂದಾಪುರ, ಉಡುಪಿ ಕಡೆ ನವರಾತ್ರಿಯಲ್ಲಿ ‘ಹೂವಿನಕೋಲು’ ಎಂಬ ಪದ್ಧತಿಯಿದೆ. ಚಿಕ್ಕ ಹುಡುಗರು ಭಾಗವತರೊಂದಿಗೆ ಮನೆಮನೆಗೆ ಹೋಗಿ, ಎದುರುಬದುರು ಕುಳಿತು, ಪ್ರಸಂಗದ ಒಂದು ತುಣುಕಿನ ಮಾತು ಆಡಿ, ಮನೆಯವರನ್ನು ಹರಸಿ ಹೋಗುತ್ತಾರೆ. ಆಟ ಚಿಕ್ಕದು, ಆದರೆ ರಂಗ ಮನೆಯೇ.

ನನ್ನ ‘ಪ್ರಿಸ್ಕ್ರಿಪ್ಷನ್’ ಹೀಗಿದೆ. ತಿಂಗಳಿಗೊಂದು ಸಂಜೆ, ಮೂರ್ನಾಲ್ಕು ಮನೆಯ ಮಕ್ಕಳು, ಒಂದು ಬೇಸ್‌ಮೆಂಟ್. ವಾಲಿಯ ಕಥೆಯೋ ಕೃಷ್ಣಸಂಧಾನವೋ ಇರಲಿ. ಕಥೆ ನಡೆಸಲು ಊರಿನಿಂದ ಬಂದು, ಕಾರಿಲ್ಲದೆ ಕಿಟಕಿ ಕಾಯುತ್ತಿರುವ ಅಜ್ಜ ಅಜ್ಜಿಯರಿದ್ದಾರೆ. ಆರು ತಿಂಗಳ ವಾಸ ಅವರಿಗೂ ಹಗುರವಾಗುತ್ತದೆ. ಪದ ಹಾಡಲು ಬಾರದಿದ್ದರೆ ಕಥೆ ಹೇಳಿದರೆ ಸಾಕು. ಮಕ್ಕಳಿಗೆ ಬರೆದ ಮಾತು ಕೊಡಬೇಡಿ. ‘ನೀನೇ ವಾಲಿ, ಈಗ ರಾಮನನ್ನು ಏನು ಕೇಳುತ್ತೀ?’ ಎಂದಷ್ಟೇ ಕೇಳಿ. ನಡುವೆ ಇಂಗ್ಲಿಷ್ ಪದ ಬಂದರೆ ಬರಲಿ. ವ್ಯಾಕರಣ ತಿದ್ದುವ ಅಪ್ಪಂದಿರಿಗೂ ವಿಡಿಯೊ ಮಾಡುವ ಅಮ್ಮಂದಿರಿಗೂ ಮಹಡಿಯ ಮೇಲೆ ಕಾಫಿ ಕೊಡಿ. ಮಗು ಸುಮ್ಮನಾದರೆ ಕಾಯಿರಿ. ಕಥೆ ಅರ್ಧಕ್ಕೆ ನಿಂತರೆ ಮುಂದಿನ ತಿಂಗಳು ಅಲ್ಲಿಂದಲೇ ಶುರು.

ಇಲ್ಲಿನ ಹಿಮದ ದಿನಗಳೆಂದರೆ ನಮಗೆ ಊರಿನ ಮಳೆಗಾಲವಿದ್ದಂತೆ. ಹೊರಗೆ ಹೋಗುವಂತಿಲ್ಲ, ಒಳಗೆ ಹೊತ್ತು ಹೋಗುವುದಿಲ್ಲ. ಈ ಚಳಿಗಾಲದಲ್ಲಿ ಶುರು ಮಾಡಿದರೆ ಮುಂದಿನ ನವರಾತ್ರಿಗೆ ನಮ್ಮ ಮಕ್ಕಳ ಹೂವಿನಕೋಲು ನಾಲ್ಕು ಮನೆ ಸುತ್ತೀತು. ಆಮೇಲೆ ಕೂಟದ ವೇದಿಕೆಗೂ ಬರಲಿ. ಕಾರ್ಯದರ್ಶಿಗಳು ಎಂಟು ನಿಮಿಷದ ಬದಲು ಹತ್ತು ಕೊಟ್ಟಾರೆಂದು ಆಶಿಸೋಣ.

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು. ಹೋಳಿಗೆ ಒಂದು ಸಾಕು. ಮಾತು ಮಾತ್ರ ಎಷ್ಟಾದರೂ ಆಗಬಹುದು.