ಹಿಮದ ಕಲ್ಲುಹೂವು ಯಾರ ಆಸ್ತಿ?

ನಮ್ಮ ಮಸಾಲೆ ಡಬ್ಬಿಯಲ್ಲಿರೋ ಕಲ್ಲುಹೂವು ಹೂವೂ ಅಲ್ಲ, ಗಿಡವೂ ಅಲ್ಲ ಅಂತ ನಿಮಗೆ ಗೊತ್ತಿರಬಹುದು. ಅದೊಂದು ಕೂಡು ಸಂಸಾರ. ಶಿಲೀಂಧ್ರ ಮನೆ ಕಟ್ಟುತ್ತೆ, ಪಾಚಿ ಬಿಸಿಲು ಹಿಡಿದು ಅಡುಗೆ ಮಾಡುತ್ತೆ. ಸಂಸಾರ ಇವರಿಬ್ಬರದೇ ಅಂತ ಬಹಳ ಕಾಲ ನಂಬಿದ್ದರು. ಈಗ ನೋಡಿದರೆ ಒಳಗೆ ಬ್ಯಾಕ್ಟೀರಿಯಾಗಳ ದೊಡ್ಡ ಬಳಗವೇ ಇದೆ!

ಇದರ ನೆಂಟರು ಧ್ರುವಗಳಲ್ಲೂ ಇದ್ದಾರೆ. ಅಂಟಾರ್ಕ್ಟಿಕಾದಲ್ಲಿ ಹೂ ಬಿಡುವ ಸಸ್ಯಗಳು ಎರಡೇ ಎರಡು, ಕಲ್ಲುಹೂವುಗಳಾದರೆ ಸುಮಾರು 400 ಬಗೆ. ಆ ಚಳಿ, ಒಣಗಾಳಿ, ಅತಿನೇರಳೆ ಕಿರಣ ಎಲ್ಲ ತಡೆದುಕೊಂಡಿರೋ ಬ್ಯಾಕ್ಟೀರಿಯಾಗಳ ಹತ್ತಿರ ಏನಾದರೂ ವಿದ್ಯೆ ಇರಲೇಬೇಕಲ್ಲ? ಕೊರಿಯಾದ ವಿಜ್ಞಾನಿಗಳು ಎರಡೂ ಧ್ರುವಗಳ ಕಲ್ಲುಹೂವಿನಿಂದ ಅವನ್ನು ಬೇರ್ಪಡಿಸಿ ಬೆಳೆಸಿದ್ದಾರೆ. ಕೆಲವು ತಳಿಗಳ ಸಾರ ರೋಗಾಣುಗಳ ಬೆಳವಣಿಗೆಯನ್ನು ತಡೆದಿದೆ. ಇದು ಪ್ರಯೋಗಾಲಯದ ತಟ್ಟೆಯ ಮಾತು ಅಷ್ಟೆ, ಔಷಧಿ ಇನ್ನೂ ದೂರ ಇದೆ.

ನನಗೆ ಇಷ್ಟವಾದ ವಿಷಯ ಇನ್ನೊಂದಿದೆ. ಅಲ್ಲಿನ ಎಷ್ಟೋ ಕಲ್ಲುಹೂವುಗಳು ಬೆಳೆಯೋದು ವರ್ಷಕ್ಕೆ ಒಂದು ಮಿಲಿಮೀಟರಿಗೂ ಕಡಿಮೆ. ಬಂಡೆಯಿಂದ ಕೆರೆದು ತೆಗೆದರೆ ಮತ್ತೆ ಬರೋದಕ್ಕೆ ನಮ್ಮ ಮೊಮ್ಮಕ್ಕಳ ಕಾಲವೂ ಸಾಲದು. ಬ್ಯಾಕ್ಟೀರಿಯಾ ಹಾಗಲ್ಲ. ಉಗುರಿನಷ್ಟು ಚೂರು ತಂದರೆ ಸಾಕು, ಒಮ್ಮೆ ಬೆಳೆದದ್ದನ್ನು ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕಿದ ಹಾಗೆ ಬೆಳೆಸುತ್ತಲೇ ಹೋಗಬಹುದು. ಮತ್ತೆ ಬಂಡೆ ಮುಟ್ಟಬೇಕಿಲ್ಲ.

ಆದರೆ ಆ ಹೆಪ್ಪು ಯಾರ ಕೈಯಲ್ಲಿರಬೇಕು? ಸಂಶೋಧನೆಯ ಫಲಿತಾಂಶಗಳನ್ನು ಸಾಧ್ಯವಾದಷ್ಟೂ ಎಲ್ಲರಿಗೂ ಮುಕ್ತವಾಗಿ ಕೊಡಿ ಅನ್ನುತ್ತೆ 1959ರ ಅಂಟಾರ್ಕ್ಟಿಕ್ ಒಪ್ಪಂದ. 1991ರ ಮ್ಯಾಡ್ರಿಡ್ ಪ್ರೋಟೋಕಾಲ್ ಅಲ್ಲಿ ಗಣಿಗಾರಿಕೆ ಬೇಡ ಅಂದಿತು. ಸೂಕ್ಷ್ಮಜೀವಿಯಿಂದ ಬರೋ ದುಡ್ಡನ್ನು ಹಂಚೋದು ಹೇಗೆ ಅಂತ ಎರಡೂ ಹೇಳಲ್ಲ. ಇದೇನು ಕಲ್ಪನೆಯ ಮಾತಲ್ಲ. ಅಂಟಾರ್ಕ್ಟಿಕಾದ ವಾಂಡಾ ಸರೋವರದಲ್ಲಿ ಸಿಕ್ಕ ಒಂದು ಯೀಸ್ಟಿನ ಕಿಣ್ವ ಈಗಾಗಲೇ ಕಾರ್ಖಾನೆಗಳಲ್ಲಿ ದುಡೀತಾ ಇದೆ.

ಪೇಟೆಂಟೇ ಬೇಡ ಅಂತ ನಾನು ಹೇಳ್ತಿಲ್ಲ. ಔಷಧಿ ಮಾಡೋಕೆ ಕೋಟಿಗಟ್ಟಲೆ ಖರ್ಚಿದೆ, ಹಾಕಿದವರಿಗೆ ವಾಪಸ್ ಬರಲಿ. ಆದರೆ ತಳಿಯನ್ನು ಸಾರ್ವಜನಿಕ ಸಂಗ್ರಹದಲ್ಲಿ ಇಡಬೇಕು, ಎಲ್ಲಿಂದ ತಂದದ್ದು ಅಂತ ಬರೆದಿಡಬೇಕು, ಯಾವ ದೇಶದ ವಿದ್ಯಾರ್ಥಿ ಕೇಳಿದರೂ ಕೊಡಬೇಕು. 1983ರಲ್ಲೇ ಒಪ್ಪಂದಕ್ಕೆ ಸೇರಿದ, ಮೈತ್ರಿ, ಭಾರತಿ ಅನ್ನೋ ಎರಡು ನೆಲೆಗಳನ್ನು ಅಲ್ಲಿ ನಡೆಸೋ ನಮ್ಮ ದೇಶ ಈ ಮಾತನ್ನು ಗಟ್ಟಿಯಾಗಿ ಹೇಳಬೇಕು.

ಕೂಡು ಸಂಸಾರದ ಆಸ್ತಿಯನ್ನು ಒಬ್ಬನ ಹೆಸರಿಗೆ ಖಾತೆ ಮಾಡಿಸೋದು ಯಾವ ನ್ಯಾಯ? ನೀವೇನಂತೀರಿ?