ಲಂಡನ್ನಿನಲ್ಲಿ ಸಿಕ್ಕ ನಮ್ಮೂರ ಹುಲಿ

"ಲಂಡನ್ನಿಗೆ ಹೋಗಿ ಬಂದಿರಂತೆ, ಏನೇನು ನೋಡಿದಿರಿ?" ಮಕ್ಕಳನ್ನು ಶಾಲೆಗೆ ಬಿಡಲು ಬಂದಾಗ ಯಾರಾದರೂ ಹೀಗೆ ಕೇಳಿದರೆ ಉತ್ತರ ನಮಗೆಲ್ಲ ಬಾಯಿಪಾಠ. ಬಿಗ್ ಬೆನ್, ಟವರ್ ಬ್ರಿಡ್ಜ್, ಬಕಿಂಗ್‌ಹ್ಯಾಮ್ ಅರಮನೆ, ಲಂಡನ್ ಐ. ಪಟ್ಟಿ ಒಪ್ಪಿಸಿ ನಾಲ್ಕು ಫೋಟೋ ತೋರಿಸಿದರೆ ಮುಗಿಯಿತು. 2019ರ ಜುಲೈ ರಜೆಯಲ್ಲಿ ನಮ್ಮ ಸಂಸಾರವೂ ಇಂಥದ್ದೇ ಒಂದು ಪಟ್ಟಿ ಹಿಡಿದು ಹೊರಟಿತ್ತು. ಆ ಪ್ರವಾಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳಬೇಕೆನಿಸಿದೆ. ಬೇರೆ ಪೋಷಕರಿಗೆ ಅದರಿಂದ ಉಪಯೋಗವಾದೀತೆಂಬ ಆಸೆ.

ಮೂರನೆಯ ದಿನ ಜಡಿಮಳೆ. ಮಕ್ಕಳಿಬ್ಬರಿಗೂ ನಡೆದು ನಡೆದು ಕಾಲು ಸೋತಿತ್ತು. ಪ್ರವೇಶಕ್ಕೆ ದುಡ್ಡಿಲ್ಲ, ತಲೆಯ ಮೇಲೆ ಸೂರಂತೂ ಇದೆ ಎಂದುಕೊಂಡು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ನುಗ್ಗಿದೆವು. ಅಲ್ಲಿ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನನ್ನ ಮಗ ನಿಂತವನು ನಿಂತೇಬಿಟ್ಟ. ಒಳಗೆ ಬಣ್ಣ ಬಳಿದ ಮರದ ದೊಡ್ಡ ಹುಲಿ. ಅದರ ಕೆಳಗೆ ಯೂರೋಪಿಯನ್ ಉಡುಪಿನ ಒಬ್ಬ ಮನುಷ್ಯ ಅಂಗಾತ ಬಿದ್ದಿದ್ದಾನೆ. ಹುಲಿಯ ಬಾಯಿ ಅವನ ಕುತ್ತಿಗೆಯ ಮೇಲೆ. ಹುಲಿಯ ಹೊಟ್ಟೆಯೊಳಗೆ ಒಂದು ಆರ್ಗನ್ ವಾದ್ಯವೇ ಇದೆ. ಪಕ್ಕದ ಹಿಡಿಕೆಯನ್ನು ತಿರುಗಿಸಿದರೆ ಬಿದ್ದವನ ಕೈ ಮೇಲೇಳುತ್ತದೆ, ಅವನ ನರಳಾಟವೂ ಹುಲಿಯ ಘರ್ಜನೆಯೂ ಕೇಳುತ್ತವೆ. ಅದು ಟಿಪ್ಪು ಸುಲ್ತಾನನ ಹುಲಿ.

"ಅಮ್ಮಾ, ಇದು ಶ್ರೀರಂಗಪಟ್ಟಣದ್ದಂತೆ. ನಾವು ಮೈಸೂರಿಗೆ ಅಜ್ಜಿ ಮನೆಗೆ ಹೋಗುವಾಗ ದೋಸೆ ತಿನ್ನೋಕೆ ನಿಲ್ಲಿಸ್ತೀವಲ್ಲ, ಅದೇ ಊರಾ?"

"ಹೌದು ಕಣೋ, ಅದೇ."

"ಮತ್ತೆ ಇಲ್ಲಿಗೆ ಯಾಕೆ ಬಂತು? ಯಾರಾದರೂ ಮಾರಿದರಾ?"

"ಯುದ್ಧದಲ್ಲಿ ಗೆದ್ದವರು ತಂದರು."

"ಹಾಗಾದರೆ ವಾಪಸ್ ಕೊಡಬೇಕಲ್ವಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಗಡಿಯಾರ ನೋಡಿಕೊಂಡು, "ಬಾ ಬಾ, ಲಂಡನ್ ಐ ಟಿಕೆಟ್ಟಿನ ಟೈಮ್ ಆಯ್ತು" ಎಂದು ಕೈ ಹಿಡಿದು ಎಳೆದುಕೊಂಡು ಹೋದೆ. ಇದೇ ನಾನು ಮಾಡಿದ ತಪ್ಪು! ಅಷ್ಟು ದುಡ್ಡು ಸುರಿದು, ಹೆಚ್ಚುಕಡಿಮೆ ಒಂದು ದಿನ ವಿಮಾನದಲ್ಲಿ ಕೂತು ಹೋಗಿದ್ದೆವು. ಇಡೀ ಪ್ರವಾಸದಲ್ಲಿ ಮಗು ತಾನಾಗಿಯೇ ಕೇಳಿದ ಒಂದು ದೊಡ್ಡ ಪ್ರಶ್ನೆಯನ್ನು ನಾನು ಸರದಿ ಸಾಲಿಗಾಗಿ ಬಿಟ್ಟುಕೊಟ್ಟೆ.

ಮನೆಗೆ ಬಂದ ಮೇಲೆ ಮನಸ್ಸು ತಡೆಯದೆ ಓದಲು ಶುರುಮಾಡಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತ. ಅರಮನೆಯ ಸಂಪತ್ತನ್ನು ಗೆದ್ದ ಸೈನ್ಯ ಹಂಚಿಕೊಂಡಿತು. ಸಂಗೀತದ ಕೋಣೆಯಲ್ಲಿ ಸಿಕ್ಕ ಹುಲಿ ಹಡಗು ಹತ್ತಿತು. 1808ರಿಂದ ಅದನ್ನು ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಜನರಿಗೆ ತೋರಿಸಿದರು. ಬಂದವರೆಲ್ಲ ಹಿಡಿಕೆ ತಿರುಗಿಸಿ ಹುಲಿಯನ್ನು ಕೂಗಿಸುತ್ತಿದ್ದರಂತೆ. 1880ರಲ್ಲಿ ಅದು ಈಗಿರುವ ಮ್ಯೂಸಿಯಮ್ಮಿಗೆ ಸೇರಿತು.

ಓದುತ್ತಾ ಹೋದಂತೆ ಇನ್ನೊಂದು ಸಂಗತಿ ಸಿಕ್ಕಿ ನಾನು ಬೆರಗಾದೆ. 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದಲ್ಲಿ ಲಾಕ್ಲನ್ ಮ್ಯಾಕ್ವಾರಿ ಎಂಬ ಅಧಿಕಾರಿಯೂ ಇದ್ದ. ಹೌದು, ಅದೇ ಮ್ಯಾಕ್ವಾರಿ! 1810ರಿಂದ 1821ರವರೆಗೆ ನಮ್ಮ ನ್ಯೂ ಸೌತ್ ವೇಲ್ಸಿನ ಗವರ್ನರ್ ಆಗಿದ್ದವನು, ಸಿಡ್ನಿಯ ಬೀದಿಗೆ, ವಿಶ್ವವಿದ್ಯಾಲಯಕ್ಕೆ ಹೆಸರಾದವನು. ಪ್ಯಾರಮಟ್ಟಾದಲ್ಲಿ ಸರಕಾರಿ ಕಾಮಗಾರಿ ನೋಡಿಕೊಳ್ಳುತ್ತಿದ್ದ ರಿಚರ್ಡ್ ರೌಸ್‌ಗೆ 1816ರಲ್ಲಿ 450 ಎಕರೆ ಜಮೀನು ಕೊಟ್ಟವನೂ ಅವನೇ. ಆ ರೌಸ್ ಕಟ್ಟಿಸಿದ ಮನೆಯೇ ನಮ್ಮ ರೌಸ್ ಹಿಲ್ ಹೌಸ್, ಅವನ ಹೆಸರೇ ನಮ್ಮ ಊರಿನ ಹೆಸರು. 1804ರ ಮಾರ್ಚ್ 5ರಂದು, ಕಾಸಲ್ ಹಿಲ್‌ನಿಂದ ದಂಗೆ ಎದ್ದು ಬಂದ ಐರಿಷ್ ಕೈದಿಗಳನ್ನು ಸೈನಿಕರು ಸದೆಬಡಿದದ್ದೂ ಇದೇ ಆಸುಪಾಸಿನಲ್ಲಿ. ಇವರೆಲ್ಲರಿಗಿಂತ ಮುಂಚೆ ಈ ನೆಲ ದಾರುಗ್ ಜನರದ್ದಾಗಿತ್ತು. ಅದನ್ನು ಕೊಡಲು ಮ್ಯಾಕ್ವಾರಿ ಅವರನ್ನು ಕೇಳಲಿಲ್ಲ.

ಶ್ರೀರಂಗಪಟ್ಟಣ, ಲಂಡನ್, ರೌಸ್ ಹಿಲ್ ಮೂರೂ ಹೀಗೆ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಾಗಿದ್ದವು. ಲಂಡನ್ ನೋಡಲು ಸಾಲಗಟ್ಟಿ ನಿಂತ ನಾವು, ಮನೆಯಿಂದ ಐದು ನಿಮಿಷ ದೂರದ ರೌಸ್ ಹಿಲ್ ಹೌಸಿಗೆ ಅಲ್ಲಿಯವರೆಗೂ ಕಾಲಿಟ್ಟಿರಲಿಲ್ಲ. ಶ್ರೀರಂಗಪಟ್ಟಣ ನಮಗೆ ದೋಸೆಯ ನಿಲ್ದಾಣವಾಗಿತ್ತು!

2022ರ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಒಂದು ಪೂರ್ತಿ ದಿನವನ್ನು ಶ್ರೀರಂಗಪಟ್ಟಣಕ್ಕೆ ಇಟ್ಟೆವು. 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಅದರಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಎದುರು ಸೋಲುತ್ತಿರುವವರು ಇಂಗ್ಲಿಷರು. ಮಗ ಬಹಳ ಹೊತ್ತು ನೋಡಿ, "ಲಂಡನ್ನಿನಲ್ಲಿ ಅವರು ಗೆದ್ದ ಕಥೆ, ಇಲ್ಲಿ ನಾವು ಗೆದ್ದ ಕಥೆ" ಎಂದ. ಅವನ ಅಜ್ಜಿ ಸುಮ್ಮನಿರಲಿಲ್ಲ. "ಟಿಪ್ಪು ಶೃಂಗೇರಿ ಮಠಕ್ಕೆ ನೆರವು ಕೊಟ್ಟು ಬರೆದ ಕಾಗದಗಳೂ ಇವೆ ಮಗು, ಕೊಡಗಿನವರ ಮನೆಗಳಲ್ಲಿ ಅವನಿಂದಾದ ನೋವಿನ ನೆನಪೂ ಇದೆ. ಎರಡೂ ತಿಳಿದುಕೊ" ಎಂದರು. ಯಾವ ಮ್ಯೂಸಿಯಮ್ಮಿನ ಫಲಕವೂ ಇಷ್ಟು ಚೆನ್ನಾಗಿ ಹೇಳಲಾರದು.

"ರಜೆಯಲ್ಲೂ ಪಾಠವೇ? ಮಕ್ಕಳು ಸ್ವಲ್ಪ ಮಜಾ ಮಾಡಲಿ ಬಿಡಿ" ಎಂದು ಕೆಲವರು ಹೇಳಬಹುದು. ಒಪ್ಪುತ್ತೇನೆ. ಲಂಡನ್ ಐ ಹತ್ತಲಿ, ಐಸ್‌ಕ್ರೀಮ್ ತಿನ್ನಲಿ. ಆದರೆ ಹತ್ತು ಜಾಗಗಳ ಬದಲು ಐದನ್ನೇ ನೋಡಿ, ಅದರಲ್ಲಿ ಒಂದರ ಮುಂದಾದರೂ ಗಡಿಯಾರ ನೋಡದೆ ನಿಲ್ಲಿ ಎನ್ನುವುದಷ್ಟೇ ನನ್ನ ವಾದ. ಮಕ್ಕಳು ಅಲ್ಲಿ ತಾವಾಗಿಯೇ ಕೇಳುತ್ತಾರೆ, ನಾವು ಪಾಠ ಮಾಡಬೇಕಾಗಿಲ್ಲ.

"ಇದರಿಂದ ಮಕ್ಕಳ ಮನಸ್ಸಿನಲ್ಲಿ ದ್ವೇಷ ಬೆಳೆಯುವುದಿಲ್ಲವೇ?" ಎಂಬುದು ಇನ್ನೊಂದು ಆತಂಕ. ನನಗೆ ಹಾಗನ್ನಿಸುವುದಿಲ್ಲ. ಮುಚ್ಚಿಟ್ಟ ಮಾತು ದ್ವೇಷವಾಗುತ್ತದೆ, ಬಿಚ್ಚಿ ಹೇಳಿದ ಮಾತು ತಿಳಿವಳಿಕೆಯಾಗುತ್ತದೆ. ಅದೇ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ, ಪಾರ್ಲಿಮೆಂಟಿನ ಎದುರು ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕನ್ನಡಿಗ ಡಾ. ನೀರಜ್ ಪಾಟೀಲರ ಶ್ರಮದಿಂದ ನಿಂತ ಆ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಹುಲಿಯನ್ನು ಗೆದ್ದವರು ಎತ್ತಿಕೊಂಡು ಹೋದರು, ಬಸವಣ್ಣನವರನ್ನು ಅಲ್ಲಿ ನೆಲೆಸಿದ ನಮ್ಮವರು ಪ್ರೀತಿಯಿಂದ ಕರೆದುಕೊಂಡು ಹೋದರು. ಎರಡನ್ನೂ ನೋಡಿದ ಮಗುವಿಗೆ ಆ ಊರಿನ ಮೇಲೆ ಕೋಪವೊಂದೇ ಉಳಿಯಲಾರದು.

ನಮ್ಮ ಶಾಲೆಯಲ್ಲಿ ಎಲ್ಲ ಭಾಷೆಯ ಮಕ್ಕಳೂ ಇದ್ದಾರೆ. ಲಂಡನ್ನಿನಲ್ಲಿ ಅವರೆಲ್ಲರ ಮನೆಯ ವಸ್ತುಗಳೂ ಇವೆ. ತೆಲುಗು ಮಕ್ಕಳಿಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಅಮರಾವತಿ ಶಿಲ್ಪಗಳು, ತಮಿಳು ಮಕ್ಕಳಿಗೆ ಅಲ್ಲೇ ಇರುವ ಚೋಳರ ಕಾಲದ ನಟರಾಜ, ಪಂಜಾಬಿ ಮಕ್ಕಳಿಗೆ ಟವರ್ ಆಫ್ ಲಂಡನ್ನಿನ ಕೊಹಿನೂರ್. ಹೊರಡುವ ಮುಂಚೆ ಒಂದು ಸಂಜೆ ಕೂತು ಅಂಥ ಒಂದು ವಸ್ತುವಿನ ಕಥೆ ಓದಿ. ಅದು ಪ್ರದರ್ಶನದಲ್ಲಿದೆಯೇ ಎಂದು ಮ್ಯೂಸಿಯಮ್ಮಿನ ಜಾಲತಾಣದಲ್ಲಿ ನೋಡಿಕೊಳ್ಳಿ. ಬಂದ ಮೇಲೆ ಊರಿನ ಅಜ್ಜ ಅಜ್ಜಿಗೆ ಫೋನ್ ಮಾಡಿಸಿ, ಮಗುವೇ ಅದನ್ನು ಮನೆಮಾತಿನಲ್ಲಿ ವಿವರಿಸಲಿ. ಭಾಷೆ ಕಲಿಯಲು ಇದಕ್ಕಿಂತ ಒಳ್ಳೆಯ ಹೋಂವರ್ಕ್ ಬೇಕೇ?

ಹುಲಿಯನ್ನು ವಾಪಸ್ ಕೊಡಬೇಕೇ ಎಂಬ ಮಗನ ಪ್ರಶ್ನೆ ನಮ್ಮ ಊಟದ ಮೇಜಿನ ಮೇಲೆ ಇನ್ನೂ ಇದೆ. ಕೊಡಬೇಕೆಂದು ಅವನು, ಲಂಡನ್ನಿನಲ್ಲಿದ್ದರೆ ಇಡೀ ಜಗತ್ತು ಬಂದು ನೋಡುತ್ತದೆಂದು ಅವನ ತಂಗಿ. ನಾನು ಅವನ ಪಕ್ಷ. ವಾದ ಮುಗಿದಿಲ್ಲ, ಮುಗಿಯಬೇಕೆಂಬ ಅವಸರವೂ ನನಗಿಲ್ಲ. ಮುಂದಿನ ಸಲ ಮಗು ಗಾಜಿನ ಪೆಟ್ಟಿಗೆಯ ಮುಂದೆ ನಿಂತರೆ ನಾನೂ ಪಕ್ಕದಲ್ಲಿ ನಿಲ್ಲುತ್ತೇನೆ, ಕೈ ಹಿಡಿದು ಎಳೆಯುವುದಿಲ್ಲ. ನೀವೇನಂತೀರಿ?

– ಒಬ್ಬ ತಾಯಿ, ರೌಸ್ ಹಿಲ್